ಶುಕ್ರವಾರ ಹೊಸಿಲು ದಾಟದ ಫ್ಲಾಪಿ

ಅಪ್ಪ ರಾಬರ್ಟ್‌ಸನ್‌ಪೇಟೆಯಲ್ಲಿ ಅಂಗಡಿಗಳ ಬೋರ್ಡ್ ಬರೆಯುತ್ತಿದ್ದ. ಅಂಗಡಿಯವರು ಕನ್ನಡ ಕೇಳಿದರೆ ಕನ್ನಡ, ತಮಿಳು ಕೇಳಿದರೆ ತಮಿಳು, ಮೂರು ಭಾಷೆ ಬೇಕೆಂದರೆ ಒಂದರ ಕೆಳಗೊಂದು. ಆದರೆ ಅವನ ಜೀವವಿದ್ದದ್ದು ಕನ್ನಡ ಅಕ್ಷರದ ತಲೆಕಟ್ಟಿನಲ್ಲಿ. ಬಸ್ಸಿನ ಕಿಟಕಿಯಿಂದ ನೋಡಿದರೂ ಇದು ಅಪ್ಪನದು, ಇದು ಬೇರೆಯವರದು ಎಂದು ನಾನು ಹೇಳುತ್ತಿದ್ದೆ. ಇಷ್ಟಾದರೂ ಅವನು ಬರೆದದ್ದು ಯಾವುದೂ ಉಳಿಯುತ್ತಿರಲಿಲ್ಲ. ಅಂಗಡಿ ಕೈ ಬದಲಾದರೆ ಅದೇ ತಗಡಿಗೆ ಅವನೇ ಬಿಳಿ ಬಳಿದು ಹೊಸ ಹೆಸರು ಬರೆಯುತ್ತಿದ್ದ. ತಾನು ಬರೆದದ್ದನ್ನು ತಾನೇ ಅಳಿಸಲು ಅವನಿಗೆ ಚೂರೂ ಬೇಸರವಿರಲಿಲ್ಲ. ಹೊಟ್ಟೆ ಉರಿಯುತ್ತಿದ್ದದ್ದು ನನಗೆ.

ತೊಂಬತ್ತರ ದಶಕದ ನಡುವಿನಲ್ಲಿ ಅವನ ಬಲಗೈ ನಡುಗತೊಡಗಿತು. ಡಾಕ್ಟರ ಮಾತ್ರೆಗೆ ನಡುಕ ಬಗ್ಗಲಿಲ್ಲ. ಬೆಳಿಗ್ಗೆ ಕಾಫಿ ಕುಡಿದ ಮೇಲೆ ಸ್ವಲ್ಪ ಹೊತ್ತು ಕೈ ಹೇಳಿದ ಮಾತು ಕೇಳುತ್ತಿತ್ತು, ಆಮೇಲೆ ಇಲ್ಲ. ಅಪ್ಪ ಕೆಲಸ ಒಪ್ಪಿಕೊಳ್ಳುವುದನ್ನೇ ಬಿಟ್ಟ. ಅಮ್ಮ ತೀರಿಕೊಂಡಿದ್ದಳು. ಅಕ್ಕ ಮದುವೆಯಾಗಿ ಬಂಗಾರಪೇಟೆಯಲ್ಲಿ ಹಸು ಕಟ್ಟಿಕೊಂಡಿದ್ದಳು. ಚಿನ್ನದ ಗಣಿಯ ಪಕ್ಕದ ಚಾಂಪಿಯನ್ ರೀಫ್ಸಿನ ಮನೆಯಲ್ಲಿ ನಾನೂ ಅಪ್ಪನೂ ಇಬ್ಬರೇ. ಕೆಲಸವಿಲ್ಲದ ಅಪ್ಪನ ಜೊತೆ ಒಂದೇ ಸೂರಿನಡಿ ಬಾಳುವ ಸುಖ ಶತ್ರುವಿಗೂ ಬೇಡ. ಸಾರಿಗೆ ಉಪ್ಪು ಸಾಲದು, ಬಾಗಿಲು ಕಿರ್ ಅನ್ನುತ್ತದೆ, ಹಾಲಿನಲ್ಲಿ ಬರೀ ನೀರು. ಅವನನ್ನು ಒಳಗೊಳಗೇ ಬೈದುಕೊಳ್ಳುತ್ತಲೇ ನನಗೆ ಅಳು ಬರುತ್ತಿತ್ತು.

ನಾನಾಗ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಮಾಡುತ್ತಿದ್ದೆ. ಅಲ್ಲಿ ಹಳೆಯದಾಯಿತೆಂದು ತೆಗೆದುಹಾಕಿದ ಒಂದು ಯಂತ್ರ ನಮ್ಮ ಮನೆ ಸೇರಿತ್ತು. ಅದರ ಮುಂದೆ ಕೂತು ಒಂದು ಉಪಾಯ ಹೂಡಿದೆ. ಬೆಳಿಗ್ಗೆ ಕೈ ಸ್ತಿಮಿತದಲ್ಲಿರುವಾಗ ಅಪ್ಪ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ಒಂದು ಅಕ್ಷರ ಬರೆಯಬೇಕು. ನಾನು ಅದನ್ನು ನೋಡಿ ಮೌಸ್ ಹಿಡಿದು ಪರದೆಯ ಮೇಲೆ ಮೂಡಿಸಬೇಕು. ಅಕ್ಷರಮಾಲೆ ಮುಗಿದ ಮೇಲೆ ಬೇಕಾದ ಅಳತೆಗೆ ಪ್ರಿಂಟ್ ತೆಗೆದು, ಎಕ್ಸ್‌ರೇ ಹಾಳೆಗೆ ಅಂಟಿಸಿ ಕತ್ತರಿಸಿದರೆ ಸ್ಟೆನ್ಸಿಲ್ ಆಗುತ್ತದೆ. ಅದರೊಳಗೆ ಸ್ಪಂಜಿನಿಂದ ಬಣ್ಣ ಒತ್ತಲು ನಡುಗುವ ಕೈಯೂ ಸಾಕು. ಅಪ್ಪ ಮತ್ತೆ ಬೋರ್ಡ್ ಬರೆಯಬಹುದು. ಎಕ್ಸ್‌ರೇ ಹಾಳೆಗೆ ನಮ್ಮಲ್ಲಿ ಬರವಿರಲಿಲ್ಲ. ಗಣಿಗಿಳಿದವರ ಮನೆಮನೆಯಲ್ಲೂ ಎದೆಯ ಎಕ್ಸ್‌ರೇ ಮೊಳೆಗೆ ನೇತಾಡುತ್ತಿತ್ತು, ಕೇಳಿದರೆ ಕೊಡುತ್ತಿದ್ದರು.

ಒಂದು ಅಕ್ಷರಕ್ಕೆ ಒಂದು ಬೆಳಿಗ್ಗೆ, ಕೆಲವಕ್ಕೆ ಎರಡು ಮೂರು. ನಾನು ಮೂಡಿಸಿ ಮುಗಿಸಿದ ಕೂಡಲೇ ಅಪ್ಪ ಒದ್ದೆ ಬಟ್ಟೆಯಿಂದ ಹಲಗೆ ಒರೆಸಿಬಿಡುತ್ತಿದ್ದ.

"ಇರ್ಲಿ ಬಿಡಪ್ಪ, ಅಳಿಸ್ಬೇಡ" ಎಂದರೆ, "ಅದ್ರೊಳಕ್ಕೆ ಓಯ್ತಲ್ಲಮ್ಮ, ಇನ್ನ್ಯಾಕೆ ಇಲ್ಲಿ?" ಅನ್ನುತ್ತಿದ್ದ.

ಹಾಗಾಗಿ ಅಪ್ಪನ ಅಷ್ಟೂ ಅಕ್ಷರಗಳು ಆ ಮುದಿ ಯಂತ್ರದೊಳಗೆ ಒಂದೇ ಒಂದು ಫೈಲಿನಲ್ಲಿದ್ದವು. ನಮ್ಮೂರೋ, ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಅಡುಗೆಮನೆಯ ಪಾತ್ರೆ ಉರುಳುವ ಊರು. ಗಾಳಿ ಎದ್ದರೆ, ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಧೂಳು ಯಂತ್ರದ ಮುಚ್ಚಿದ ಪೆಟ್ಟಿಗೆಯೊಳಗೂ ನುಗ್ಗುತ್ತಿತ್ತು. ಇನ್ನೊಂದು ಹಾರ್ಡ್ ಡಿಸ್ಕ್ ಹಾಕಿಸೋಣವೆಂದರೆ ಅದೂ ಅದೇ ಪೆಟ್ಟಿಗೆಯಲ್ಲಿ ಕೂತು ಅದೇ ನಡುಕಕ್ಕೆ ನಡುಗುವುದು. ಟೇಪಿನಲ್ಲಿ ಉಳಿಸಬಹುದೆಂದು ಪಾಠ ಹೇಳುತ್ತಿದ್ದೆನೇ ಹೊರತು ಅಂಥ ಯಂತ್ರವನ್ನು ನಾನೇ ಕಂಡಿರಲಿಲ್ಲ. ಕೊನೆಗೆ ಎರಡು ಫ್ಲಾಪಿಗಳೇ ಗತಿ ಎಂದು ತೀರ್ಮಾನಿಸಿದೆ. ಒಂದು ನಮ್ಮಲ್ಲಿ ಬಿಸ್ಕತ್ತಿನ ಡಬ್ಬದಲ್ಲಿ, ಇನ್ನೊಂದು ಅಕ್ಕನ ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ. ನಾಕಾರು ಹೊಸ ಅಕ್ಷರ ಸೇರಿದಾಗ ನಮ್ಮ ಫ್ಲಾಪಿಗೆ ಕಾಪಿ ಮಾಡಿ ಬಂಗಾರಪೇಟೆಗೆ ಒಯ್ಯುವುದು, ಅಲ್ಲಿದ್ದ ಹಳೆಯದನ್ನು ತಂದು ಅದರ ಮೇಲೂ ಹೊಸದನ್ನೇ ಕಾಪಿ ಮಾಡುವುದು. ಈ ಏರ್ಪಾಟಿನ ಮೇಲೆ ನನಗೆ ಬಲು ಜಂಬವಿತ್ತು.

ಒಂದು ಶುಕ್ರವಾರ ಮಧ್ಯಾಹ್ನ ನಾನು ಅಕ್ಷರವೊಂದನ್ನು ಸೇವ್ ಮಾಡುತ್ತಿರುವಾಗಲೇ ನೆಲ ನಡುಗಿತು. ಪರದೆ ಹಾಗೇ ನಿಂತುಬಿಟ್ಟಿತು. ಆರಿಸಿ ಹಚ್ಚಿದೆ, ಯಂತ್ರ ಎದ್ದಿತು, ಫೈಲಿನ ಹೆಸರೂ ಕಾಣಿಸಿತು. ತೆರೆದು ನೋಡುವ ತಾಳ್ಮೆಯೂ ಇಲ್ಲದೆ ಫ್ಲಾಪಿಗೆ ಕಾಪಿ ಮಾಡಿ ಸಂಜೆಯ ರೈಲು ಹತ್ತಿದೆ.

ಅಕ್ಕ ಆಗಷ್ಟೇ ದೀಪ ಹಚ್ಚಿ ಕೈ ಮುಗಿಯುತ್ತಿದ್ದಳು. ಹೊಸ ಫ್ಲಾಪಿಯನ್ನು ಕಣ್ಣಿಗೊತ್ತಿಕೊಂಡು ಬೀರುವಿನಲ್ಲಿಟ್ಟಳು. ಹಳೆಯದನ್ನು ಕೇಳಿದರೆ ತಲೆಯಾಡಿಸಿದಳು.

"ಸುಕ್ರವಾರ ಕಣೇ. ದೀಪ ಅಚ್ಚಿದ್ಮೇಲೆ ಮನೇಲಿರೋದನ್ನ ಒಸ್ಲು ದಾಟ್ಸಲ್ಲ."

"ಅದೇನು ಒಡವೆ ಏನಕ್ಕ? ಪ್ಲಾಸ್ಟಿಕ್ ತುಂಡು."

"ಅಪ್ಪನ ಅಕ್ಸರ ಐತೆ ಅಂತ ನೀನೇ ಯೋಳಿದ್ದೆ. ನಾಳೆ ಬಂದು ತಕಂಡೋಗು."

"ನಿಂಗೆ ಮಾಡೋಕೆ ಬೇರೆ ಕೆಲ್ಸ ಇಲ್ಲ" ಎಂದು ರೇಗಿ, ಅವಳು ಕೊಟ್ಟ ಕಾಫಿಯನ್ನೂ ಕುಡಿಯದೆ ಬರಿಗೈಯಲ್ಲಿ ಬಂದೆ. ರೈಲಿನುದ್ದಕ್ಕೂ ಮನಸ್ಸಿನಲ್ಲೇ ಅವಳ ಮಡಿ, ಮೌಢ್ಯ ಎಲ್ಲದಕ್ಕೂ ಮಂಗಳಾರತಿ ಮಾಡಿದೆ.

ಮರುದಿನ ಬೆಳಿಗ್ಗೆ ಅಪ್ಪ ಹಲಗೆಯ ಮುಂದೆ ಕೂತ. ನಾನು ಫೈಲ್ ತೆರೆದೆ. ಅಕ್ಷರಗಳಿರಬೇಕಾದ ಕಡೆ ಬರೀ ಗೀಟು, ಚುಕ್ಕಿ. ಇನ್ನೊಮ್ಮೆ ತೆರೆದರೂ ಅದೇ. ಹಿಂದಿನ ದಿನ ಓಡೋಡಿ ಅಕ್ಕನಿಗೆ ಕೊಟ್ಟು ಬಂದದ್ದೂ ಇದೇ ಕಸದ ನಕಲು ಎಂದು ಆಗ ಹೊಳೆಯಿತು.

ನನ್ನ ಮುಖ ನೋಡಿದ ಅಪ್ಪನಿಗೆ ಹೇಳದೆ ವಿಧಿಯಿರಲಿಲ್ಲ.

"ಓದ್ರೆ ಓಗ್ಲಿ ಬಿಡಮ್ಮ. ಮತ್ತೆ ಬರಿಯಾನ" ಎಂದು ಸೀಮೆಸುಣ್ಣ ಹಿಡಿದ. 'ಅ' ಬರೆದ. ವರ್ಷದ ಹಿಂದೆ ಒಂದೇ ಎಳೆತಕ್ಕೆ ಇಳಿದಿದ್ದ ಗೆರೆ ಈಗ ಅಡ್ಡಾದಿಡ್ಡಿ ಓಡಿತು. ಒರೆಸಿ ಮತ್ತೆ ಬರೆದ, ಮತ್ತೆ ಒರೆಸಿದ. ಆಮೇಲೆ ಸೀಮೆಸುಣ್ಣ ಕೆಳಗಿಟ್ಟು ಬಲಗೈಯನ್ನು ಎಡಗೈಯಲ್ಲಿ ಅದುಮಿ ಹಿಡಿದುಕೊಂಡ. ಅಷ್ಟು ತಿಂಗಳಲ್ಲಿ ಬೆಳಗಿನ ಕೈಯೂ ಹೋಗಿತ್ತು. ಗೆರೆಯ ಸಣ್ಣಪುಟ್ಟ ಅಂಕುಡೊಂಕನ್ನು ಮೌಸಿನಲ್ಲಿ ನಾನೇ ತಿದ್ದಿಕೊಳ್ಳುತ್ತಿದ್ದುದರಿಂದ, ದಿನಾ ಎದುರಿಗಿದ್ದರೂ ಅದು ನನ್ನ ಗಮನಕ್ಕೆ ಬಂದಿರಲಿಲ್ಲ.

ಸಿಕ್ಕ ಬಸ್ಸು ಹತ್ತಿ ಬಂಗಾರಪೇಟೆಗೆ ಓಡಿದೆ. ಅಕ್ಕ ಸಗಣಿ ಬಾಚುತ್ತಿದ್ದವಳು ಕೈ ತೊಳೆದು ಬೀರು ತೆಗೆದಳು.

"ಇವತ್ತು ಸನಿವಾರ. ಧಾರಾಳವಾಗಿ ತಕಂಡೋಗು."

"ಅಕ್ಕ, ನಿನ್ನೆ ನೀನು ಕೊಟ್ಟಿದ್ರೆ ಇದ್ರ ಮೇಲೂ ಅದೇ ಕಸ ತುಂಬ್ತಿದ್ದೆ ಕಣೆ" ಎಂದೆ. ಅವಳಿಗೆ ಪೂರ್ತಿ ಅರ್ಥವಾಗಲಿಲ್ಲವೇನೋ. ನಾನು ಅಳುವುದನ್ನು ಕಂಡು, ನಿನ್ನೆ ಕುಡಿಯದೆ ಹೋದ ಕಾಫಿಯ ಬಾಬ್ತು ಇವತ್ತು ಎರಡು ಲೋಟ ಕುಡಿಸಿದಳು. ಅವಳ ಮೌಢ್ಯದ ಬಗ್ಗೆ ನಾನು ಮತ್ತೆ ಸೊಲ್ಲೆತ್ತಿಲ್ಲ.

ಮನೆಗೆ ಬಂದು ಹಳೆಯ ಫ್ಲಾಪಿಯ ಫೈಲ್ ತೆರೆದೆ. ತಲೆಕಟ್ಟುಗಳು ಸಾಲಾಗಿ ಎದ್ದು ನಿಂತವು. ಕೊನೆಗೆ ಸೇರಿಸಿದ ಕೆಲವು ಒತ್ತಕ್ಷರಗಳು ಮಾತ್ರ ಅದರಲ್ಲಿರಲಿಲ್ಲ. ಅವತ್ತೇ ಪೇಟೆಯಿಂದ ಹೊಸ ಫ್ಲಾಪಿಗಳನ್ನು ತಂದೆ. ತೆರೆದು ನೋಡದೆ ಯಾವುದನ್ನೂ ಕಾಪಿ ಮಾಡಬಾರದು, ಹೊಸ ನಕಲು ಸರಿಯಿದೆಯೆಂದು ಕಣ್ಣಾರೆ ಕಾಣುವವರೆಗೆ ಹಳೆಯದನ್ನು ಮುಟ್ಟಬಾರದು ಎಂದು ನನಗೆ ನಾನೇ ಕಟ್ಟುಮಾಡಿಕೊಂಡೆ.

ಕಳೆದುಹೋದ ಒತ್ತಕ್ಷರಗಳನ್ನು ಅಪ್ಪ ಮತ್ತೆ ಬರೆಯಲೇಬೇಕಿತ್ತು. ಸೀಮೆಸುಣ್ಣದ ಗೆರೆ ನಡುಗುತ್ತಲೇ ಬಂತು. ನಾನು ಆ ನಡುಕವನ್ನೂ ಬಿಡದೆ ಇದ್ದದ್ದು ಇದ್ದ ಹಾಗೆ ಪರದೆಯ ಮೇಲೆ ಮೂಡಿಸಿದೆ. ಅಪ್ಪ ಕುರ್ಚಿ ಎಳೆದುಕೊಂಡು ಬಂದು ನೋಡಿದ.

"ಇದೇನಮ್ಮ ಕುಡುಕ ಬರ್ದಂಗೈತೆ? ನೆಟ್ಗೆ ಮಾಡು."

"ಇರ್ಲಿ ಬಿಡಪ್ಪ. ಇದೂ ನಿನ್ನ ಕೈಯೇ ಅಲ್ವಾ?"

ಅಪ್ಪ ನನ್ನನ್ನು ದಿಟ್ಟಿಸಿ ನೋಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ನನ್ನ ಕೈ ಅಲ್ಲ ಕಣಮ್ಮ ಇದು, ನನ್ನ ಕಾಯಿಲೆ. ಕಾಯಿಲೇನ ಯಾಕೆ ಉಳಿಸ್ತೀಯ? ಕೈನ ಉಳ್ಸು."

ನಾನು ಮೌಸ್ ಹಿಡಿದೆ. ಅಪ್ಪ ಪಕ್ಕದಲ್ಲಿ ಕೂತು, "ಇನ್ನೊಂಚೂರು ಕೆಳಕ್ಕೆ... ಅಲ್ಲಿ ದಪ್ಪ ಆಗ್ಲಿ... ಆಂ, ಈಗ ತಿರುಗ್ಸು" ಎನ್ನುತ್ತ ಹೋದ. ಗೆರೆ ನೆಟ್ಟಗಾಗುತ್ತ ಬಂತು, ಮೊದಲು ಅವನ ಬ್ರಷ್ಷಿನಿಂದ ಬರುತ್ತಿದ್ದ ಹಾಗೆಯೇ. ಅದನ್ನು ನೋಡುತ್ತ ಅಪ್ಪ ಇಬ್ಬರ ನಡುವೆ ಮೇಜಿನ ಮೇಲಿಟ್ಟ ಕೈ ನಡುಗುತ್ತಲೇ ಇತ್ತು. ಆದರೆ ಅವತ್ತು ಅವನು ಅದನ್ನು ಅದುಮಿ ಹಿಡಿಯಲಿಲ್ಲ.