ಎರಡನೆಯ ಮಹಡಿಗೆ ಬಂದ ನೀರು

ಸಾಂಗ್ಲಿಯ ಒಂದು ಜೂನಿಯರ್ ಕಾಲೇಜಿನಲ್ಲಿ ನಾನು ಇಪ್ಪತ್ತೆಂಟು ವರ್ಷ ರಸಾಯನಶಾಸ್ತ್ರ ಕಲಿಸಿದೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ದೆವ್ವದ ಮಾತೆತ್ತಿದರೆ, "ಹಿಡಕೊಂಡು ಬರ್ರಿ, ಲ್ಯಾಬಿನಾಗ ನೋಡೂಣು" ಎಂದು ನಗಿಸುತ್ತಿದ್ದವನು ನಾನೇ. ಈಗ ಬರೆಯುತ್ತಿರುವುದನ್ನು ಬೇರೆಯವರು ಹೇಳಿದ್ದರೆ ಖಂಡಿತ ನಂಬುತ್ತಿರಲಿಲ್ಲ. ನೀವು ನಂಬಬೇಕೆಂಬ ಹಟವೂ ನನಗಿಲ್ಲ. ಆದರೆ ಇದರಲ್ಲಿ ನನ್ನದೊಂದು ತಪ್ಪಿದೆ. ಅದು ಮಾತ್ರ ನಿಜ, ಅದಕ್ಕೆ ಯಾವ ಪುರಾವೆಯೂ ಬೇಡ.

ನನಗೆ ಒಬ್ಬನೇ ಅಣ್ಣ, ನೇಮಣ್ಣ. ನನಗಿಂತ ಒಂಬತ್ತು ವರ್ಷ ದೊಡ್ಡವನು. ನಮ್ಮದು ಕೃಷ್ಣೆಯ ದಂಡೆಯ ಮ್ಹೈಸಾಳದ ಜೈನ ಮನೆತನ. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಅಣ್ಣ ಹೆಚ್ಚು ಓದಲಿಲ್ಲ. ತೊಂಬತ್ತರ ದಶಕದಲ್ಲಿ ಸಾಂಗ್ಲಿ ಮತ್ತು ಮಿರಜದ ನಡುವಿನ ಹೊಲಗಳೆಲ್ಲ ಒಂದೊಂದಾಗಿ ಪ್ಲಾಟುಗಳಾಗತೊಡಗಿದಾಗ ಅವನು ಜಾಗದ ಏಜೆಂಟನಾದ. ಅವನ ಬಂಡವಾಳವೆಂದರೆ ನೆನಪು. ಯಾವ ಗಟ್ ನಂಬರಿನ ಹೊಲದ ಬದು ಯಾರ ಬಾವಿಗೆ ತಾಗುತ್ತದೆ, ಯಾವ ಬೇವಿನ ಮರದ ಕೆಳಗೆ ಗಡಿಕಲ್ಲು ಹೂತುಹೋಗಿದೆ ಎಂಬುದನ್ನೆಲ್ಲ ಕಾಗದ ನೋಡದೆ ಹೇಳುತ್ತಿದ್ದ. ಜಮೀನಿನ ದಾಖಲೆ ಇಡುವ ತಲಾಠಿ ಕೂಡ ಅವನನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದನೆಂದು ಜನ ಹೇಳುತ್ತಿದ್ದರು.

ಆ ರಸ್ತೆಯುದ್ದಕ್ಕೂ ಹೊಸ ಕಟ್ಟಡಗಳ ಜೊತೆಗೆ ಪರ್ಮಿಟ್ ರೂಮುಗಳೂ, ಅಂದರೆ ಬಾರುಗಳೂ, ಎದ್ದವು. ಮಾತುಕತೆ ಕುದುರುತ್ತಿದ್ದದ್ದು ಅಲ್ಲಿಯೇ. ಮೊದಲು ಅಣ್ಣ ಎದುರಿಗೆ ಕುಳಿತವರ ಒತ್ತಾಯಕ್ಕೆ ಕುಡಿದ. ಆಮೇಲೆ ಸಂಜೆ ಆಯಿತೆಂದು ಕುಡಿದ. ಎಂಟು ಹತ್ತು ವರ್ಷಗಳಲ್ಲಿ, ಬೆಳಿಗ್ಗೆ ಎದ್ದೊಡನೆ ಕುಡಿಯದಿದ್ದರೆ ಕೈ ನಿಲ್ಲದ ಸ್ಥಿತಿಗೆ ಬಂದ. ಬಸದಿಗೆ ಹೋಗುವುದನ್ನು ಬಿಟ್ಟ. ಹೊರಗೆ ಯಾರಿಗೂ ಗೊತ್ತಿಲ್ಲವೆಂದು ನಾವು ತಿಳಿದಿದ್ದೆವು. ಎಲ್ಲರಿಗೂ ಗೊತ್ತಿತ್ತು.

ಒಂದು ದಿನ ಅವನೇ ನನ್ನ ಮನೆಗೆ ಬಂದ. ಮಗಳ ಶಾಲೆಯ ಕಾರ್ಯಕ್ರಮಕ್ಕೆಂದು ಆ ಬೆಳಿಗ್ಗೆ ಕುಡಿಯದೆ ಹೊರಟಿದ್ದನಂತೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಕೈ ನಿಲ್ಲಲಿಲ್ಲ. ಎಂಟು ವರ್ಷದ ಹುಡುಗಿ ಏನೂ ಕೇಳದೆ ಸ್ಟೂಲಿನ ಮೇಲೆ ನಿಂತು ಅಪ್ಪನ ಗುಂಡಿಗಳನ್ನು ಹಾಕಿತಂತೆ.

"ತಮ್ಮಾ, ಬಿಡಬೇಕಂತ ಮಾಡೇನಿ," ಎಂದ. "ನನ್ನ ಒಬ್ಬನ ಕೈಲೇ ಆಗೂದಿಲ್ಲ. ನೀ ಓದಿದಾಂವ ಅದಿ. ನೀ ಹೆಂಗ ಹೇಳ್ತಿ ಹಂಗ."

ನೀ ಓದಿದಾಂವ ಅದಿ. ಈ ಮಾತು ಇಂದಿಗೂ ನನ್ನನ್ನು ಸುಡುತ್ತದೆ. ಆಲ್ಕೋಹಾಲಿನ ರಚನೆಯನ್ನು ಕಪ್ಪುಹಲಗೆಯ ಮೇಲೆ ನೂರಾರು ಸಲ ಬರೆದವನು ನಾನು. ಅದು ಮನುಷ್ಯನ ಮಿದುಳಿನೊಳಗೆ ಏನು ಮಾಡುತ್ತದೆಂಬುದು ನನಗೆ ಸ್ವಲ್ಪವೂ ಗೊತ್ತಿರಲಿಲ್ಲ. ಅದೊಂದು ಚಟ, ಮನಸ್ಸು ಗಟ್ಟಿ ಮಾಡಿದರೆ ನಾಲ್ಕು ದಿನದಲ್ಲಿ ಬಿಡುತ್ತದೆ ಎಂದು ನಂಬಿದ್ದೆ.

ಬೇಸಿಗೆ ರಜೆ ಬಂತು. ಅಣ್ಣನ ಮಕ್ಕಳನ್ನು ಖಂಡೇರಾಜುರಿಗೆ, ಅವರ ಅಜ್ಜಿಯ ಮನೆಗೆ ಕಳಿಸಿದೆವು. ಮಿರಜದ ಹೊಸ ಬಡಾವಣೆಯಲ್ಲಿ, ಎರಡನೆಯ ಮಹಡಿಯಲ್ಲಿ ಅಣ್ಣನ ಫ್ಲ್ಯಾಟ್. ಅದರ ಹಿಂದಿನ ಕೋಣೆಯಲ್ಲಿ ನಾನು ಮತ್ತು ಅವನು ಸೇರಿಕೊಂಡೆವು. ಒಳಗಿನಿಂದ ಬೀಗ ಹಾಕಿ ಕೀಲಿಯನ್ನು ನನ್ನ ಜೇಬಿನಲ್ಲಿಟ್ಟುಕೊಂಡೆ. ಒಂದು ಕಬ್ಬಿಣದ ಮಂಚ, ನನಗೊಂದು ಕುರ್ಚಿ, ಮೂಲೆಯಲ್ಲಿ ಮುಚ್ಚಿಟ್ಟ ನೀರಿನ ಬಿಂದಿಗೆ, ಇಷ್ಟೇ ಇದ್ದದ್ದು.

ಅಣ್ಣನ ಹೆಂಡತಿ ಸುಮತಿ ವೈನಿ ಮೊದಲ ದಿನವೇ ಬಾಗಿಲ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಭಾವುಜಿ, ಒಮ್ಮೆ ಡಾಕ್ಟರಿಗೆ ತೋರಿಸಿ ಬಿಡಿಸಿದ್ರ ಆಗ್ತಿರ್ಲಿಲ್ಲೇನ್ರಿ?"

"ದವಾಖಾನಿಗೆ ಹೋದ್ರ ನಾಳೆ ಊರಿಗೆಲ್ಲಾ ಸುದ್ದಿ ಆಗ್ತೈತಿ ವೈನಿ. ನಾಕು ದಿನ ತಡಕೋರಿ," ಎಂದೆ. 

ಮೊದಲ ದಿನ ಬೆವರು, ನಡುಕ, ವಾಂತಿ. ಎರಡನೆಯ ದಿನ ಅವನು ಕಣ್ಣು ಮುಚ್ಚಲಿಲ್ಲ. ಹೊದಿಕೆಯ ಮೇಲಿಂದ ಇಲ್ಲದ ಇರುವೆಗಳನ್ನು ಆರಿಸಿ ಆರಿಸಿ ಕೆಳಗೆ ಹಾಕುತ್ತಿದ್ದ. ನಾನು ಒಳಗಿನ ವಿಷ ಇಳಿಯುತ್ತಿದೆ ಎಂದುಕೊಂಡೆ. ಹಾಗೆಂದು ಅವನಿಗೆ ಧೈರ್ಯವನ್ನೂ ಹೇಳಿದೆ.

ಮೂರನೆಯ ದಿನ ನಡುಮಧ್ಯಾಹ್ನ. ಹೊರಗೆ ರಣಬಿಸಿಲು. ಆ ವಾರ ನಲ್ಲಿಗೆ ಸರಿಯಾಗಿ ನೀರೇ ಬಂದಿರಲಿಲ್ಲ. ಅಣ್ಣ ಮಂಚದ ಮೇಲೆ ಎದ್ದು ಕುಳಿತು ಬಾಗಿಲ ಸಂದಿಯನ್ನೇ ನೋಡತೊಡಗಿದ.

"ತಮ್ಮಾ, ನೀರು ಬಂತು."

"ಎಲ್ಲಿ ನೀರು ಅಣ್ಣಾ? ಮಲಕೋ."

"ಹೊಳಿ ಬಂದೈತಿ. ಬಾಗಲದ ಬುಡಕ ನೋಡು, ಒಳಗ ಬರಾಕತ್ತೈತಿ. ಮ್ಯಾಲ ಹತ್ತು."

ಅವನ ದನಿಯಲ್ಲಿದ್ದ ಹೆದರಿಕೆಗೆ ನಾನು ಕರಗಬೇಕಿತ್ತು. ಮೂರು ದಿನದ ನಿದ್ದೆಗೇಡಿನಲ್ಲಿ ನನಗೆ ಸಿಟ್ಟು ಬಂತು. ಎರಡನೆಯ ಮಹಡಿಗೆ ಹೊಳೆ ಹೇಗೆ ಬರುತ್ತದೆಂದು ವಿದ್ಯಾರ್ಥಿಗೆ ಕೇಳಿದಂತೆ ಕೇಳಿದೆ. ಅವನು "ಹತ್ತೋ, ಹತ್ತೋ" ಎಂದು ಕೈ ಚಾಚಿ ಅಳತೊಡಗಿದ. ನಲವತ್ತೈದು ದಾಟಿದ ನನ್ನ ಅಣ್ಣ ಅಳುತ್ತಿದ್ದ. ನಾನು ಹಟಕ್ಕೆ ಬಿದ್ದವನಂತೆ ಕುರ್ಚಿ ಬಿಟ್ಟೆದ್ದು ಕೋಣೆಯ ನಡುವೆ ನಿಂತೆ. "ನೋಡಿಲ್ಲೆ, ನಿಂತೇನಿ. ಎಲ್ಲೈತಿ ನಿನ್ನ ಹೊಳಿ?" ಎಂದೆ.

ಆಗ ನನ್ನ ಹಿಮ್ಮಡಿಗೆ ತಣ್ಣಗೆ ತಾಗಿತು.

ಕೆಳಗೆ ನೋಡಿದೆ. ನೆಲ ಒಣಗಿತ್ತು. ಕಿಟಕಿಯ ಬಿಸಿಲು ಫರ್ಶಿಯ ಮೇಲೆ ಬಿದ್ದು ಹೊಳೆಯುತ್ತಿತ್ತು. ಆದರೆ ತಂಪು ಪಾದದಿಂದ ಹರಡಿನವರೆಗೆ, ಹರಡಿನಿಂದ ಮೀನಖಂಡದವರೆಗೆ ಏರಿತು. ಬರೀ ತಂಪಲ್ಲ. ಹರಿಯುವ ನೀರಿನಲ್ಲಿ ನಿಂತಾಗ ಕಾಲಿಗೆ ಬೀಳುವ ದಬ್ಬುವಿಕೆ ಇರುತ್ತದಲ್ಲ, ಅದು. ಹೊಳೆ ದಂಡೆಯಲ್ಲಿ ಬೆಳೆದವನು ನಾನು, ಅದನ್ನು ಬೇರೆ ಯಾವುದೆಂದೂ ತಪ್ಪು ತಿಳಿಯಲಾರೆ. ಕಾಲು ಎತ್ತಲು ಹೋದೆ, ಬರಲಿಲ್ಲ.  ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ಗೊತ್ತಿಲ್ಲ. ಅಣ್ಣ ಮಂಚದಿಂದ ಬಾಗಿ ನನ್ನ ರಟ್ಟೆ ಹಿಡಿದ. ಚಹದ ಕಪ್ಪು ಹಿಡಿಯಲಾಗದ ಆ ಕೈಗೆ ಅಂಥ ಬಲ ಎಲ್ಲಿಂದ ಬಂತೋ, ಒಂದೇ ಸಲಕ್ಕೆ ನನ್ನನ್ನು ಮಂಚದ ಮೇಲೆ ಎಳೆದುಕೊಂಡ. "ಬಂದಿ? ಬಂದೆಲಾ?" ಎಂದ. ಮರುಗಳಿಗೆಗೆ ಅವನ ಕಣ್ಣು ಮೇಲಾದವು, ಮೈ ಸೆಟೆದು ಝಾಡಿಸತೊಡಗಿತು.

ಕೀಲಿ ಜೇಬಿನಿಂದ ತೆಗೆದು ಬೀಗಕ್ಕೆ ಹಾಕುವಷ್ಟರಲ್ಲಿ ಎರಡು ಸಲ ಕೆಳಗೆ ಬಿತ್ತು. ವೈನಿ ಆಚೆಯಿಂದ ಬಾಗಿಲು ಬಡಿಯುತ್ತಿದ್ದಳು. ನೆರೆಮನೆಯವರ ವ್ಯಾನಿನಲ್ಲಿ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಅವನಿಗೆ ಇನ್ನೊಮ್ಮೆ ಫಿಟ್ಸ್ ಬಂತು.

ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಾಗ ವೈನಿ ನನ್ನ ಕಾಲನ್ನೇ ನೋಡುತ್ತಿದ್ದಳು. "ಭಾವುಜಿ, ನಿಮ್ಮ ಪ್ಯಾಂಟ್ ಯಾಕ ತೊಯ್ದೈತ್ರಿ?"

ಎರಡೂ ಕಾಲು ಮೊಣಕಾಲಿನ ಕೆಳಗೆ, ಗೆರೆ ಎಳೆದಂತೆ ಒಂದೇ ಎತ್ತರಕ್ಕೆ ತೊಯ್ದಿದ್ದವು. ಅಂಚಿನ ಮಡಿಕೆ ಬಿಡಿಸಿದರೆ ಬೆರಳಿಗೆ ನುಣ್ಣನೆಯ ಕಪ್ಪು ಮಣ್ಣು ಹತ್ತಿತು. ಮಳೆಗಾಲದ ಕೃಷ್ಣೆಯ ವಾಸನೆ. ನಾನು ಮಾಡಿದ್ದೇನು ಗೊತ್ತೇ? ಯಾರಾದರೂ ಕೇಳಿಯಾರೆಂದು ಆಸ್ಪತ್ರೆಯ ನಲ್ಲಿಯ ಕೆಳಗೆ ಕಾಲಿಟ್ಟು ಅದನ್ನೆಲ್ಲ ತೊಳೆದುಬಿಟ್ಟೆ. ವಿಜ್ಞಾನ ಕಲಿಸುವವನು, ಕೈಗೆ ಸಿಕ್ಕ ಒಂದೇ ಪುರಾವೆಯನ್ನು ಮೋರಿಗೆ ಹರಿಸಿದೆ.

ಬಿಂದಿಗೆ ಉರುಳಿರಬೇಕೆಂದು ನೀವು ಹೇಳಬಹುದು. ಸಂಜೆ ವೈನಿ ಬಟ್ಟೆ ತರಲು ಮನೆಗೆ ಹೋದಾಗ ಅದನ್ನೇ ನೋಡಿಬರಲು ಹೇಳಿದ್ದೆ. ಬಿಂದಿಗೆ ಮುಚ್ಚಿದಂತೆಯೇ ಇತ್ತು, ನೆಲದಲ್ಲಿ ಧೂಳಿತ್ತು. ನಿದ್ದೆಗೆಟ್ಟವನ ಭ್ರಮೆ ಎನ್ನಬಹುದು. ನಾನೂ ಹಾಗೆಯೇ ಅಂದುಕೊಳ್ಳುತ್ತಿದ್ದೆ, ಆ ತೊಯ್ದ ಬಟ್ಟೆಯನ್ನು ವೈನಿ ಕಾಣದೆ ಇದ್ದಿದ್ದರೆ.

ಅಣ್ಣನನ್ನು ನೋಡಿದವರು ವಿಜಾಪುರದ ಕಡೆಯ ಹಿರಿಯ ಡಾಕ್ಟರಬಾಯಿ. ಆಸ್ಪತ್ರೆಗೆ ಸೇರಿಸಿದ ಐದನೆಯ ದಿನ ನನ್ನನ್ನು ಒಳಗೆ ಕರೆದು ಕೂರಿಸಿದರು.

"ಮಾಸ್ತರ್ರ, ಹಿಂಗ ಒಮ್ಮಿಗೇ ಬಿಡಸ್ರಿ ಅಂತ ನಿಮಗ ಯಾರು ಹೇಳಿದ್ರು?"

ನಾನೇ ಮಾಡಿದ್ದೆಂದು ಒಪ್ಪಿಕೊಂಡೆ. ಅವರು ತಾಳ್ಮೆಯಿಂದ ತಿಳಿಸಿದರು. ಮಿದುಳಿನ ಜೀವಕೋಶಗಳ ಮೇಲೆ ಸಂದೇಶ ಹಿಡಿಯುವ ಸೂಕ್ಷ್ಮ ಅಣುಗಳಿವೆ. ಕೆಲವು ಕೋಶವನ್ನು ಶಾಂತಗೊಳಿಸುತ್ತವೆ, ಕೆಲವು ಕೆರಳಿಸುತ್ತವೆ. ಮದ್ಯ ಶಾಂತಗೊಳಿಸುವುದಕ್ಕೆ ಬಲ ಕೊಡುತ್ತದೆ, ಕೆರಳಿಸುವುದನ್ನು ಅದುಮುತ್ತದೆ. ವರ್ಷಗಟ್ಟಲೆ ಹೀಗಾದಾಗ ಮಿದುಳು ತನ್ನ ಸಮತೋಲ ಕಾಯ್ದುಕೊಳ್ಳಲು ಮೊದಲಿನದರ ಶಕ್ತಿಯನ್ನು ಕುಗ್ಗಿಸಿ ಎರಡನೆಯದನ್ನು ಹೆಚ್ಚಿಸಿಕೊಳ್ಳುತ್ತದೆ. ಯಾವ ಜೀನು ಎಷ್ಟು ಕೆಲಸ ಮಾಡಬೇಕೆಂಬುದೂ ಬದಲಾಗುತ್ತದೆ. ಅಂಥ ಮಿದುಳಿಗೆ ಮದ್ಯವನ್ನು ಏಕಾಏಕಿ ನಿಲ್ಲಿಸಿದರೆ ತಡೆಯುವುದು ಉಳಿಯುವುದಿಲ್ಲ, ಕೆರಳಿಸುವುದಷ್ಟೇ ಉಳಿಯುತ್ತದೆ. ಔಷಧ ಕೊಟ್ಟು, ನಿಗಾ ಇಟ್ಟು, ಮೆಲ್ಲಗೆ ಇಳಿಸಬೇಕು. ಅದರ ಮೇಲೆ, ಊಟ ಬಿಟ್ಟು ಕುಡಿದವರ ಮೈಯಲ್ಲಿ ಬಿ-ಒಂದು ಜೀವಸತ್ವ ಬರಿದಾಗಿರುತ್ತದೆ. ಅದು ಸಿಗದಿದ್ದರೆ ನೆನಪನ್ನು ಕೂಡಿಡುವ ಭಾಗವೇ ಸಾಯುತ್ತದೆ.

"ಮೂರು ದಿನಾ ಮೊದಲ ಕರಕೊಂಡು ಬಂದಿದ್ರ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಪೂರ್ತಿ ಮಾಡಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ನೀರಿನ ವಿಷಯವನ್ನೂ ಅವರಿಗೆ ಹೇಳಿದೆ. ರೋಗಿಗೆ ಹಾಗೆ ಕಾಣುವುದು ಸಾಮಾನ್ಯವೆಂದರು. ನನ್ನ ಪ್ಯಾಂಟಿನ ಮಾತು ಬಂದಾಗ ಕನ್ನಡಕ ತೆಗೆದು ನನ್ನನ್ನು ನೋಡಿ, "ನೀವು ಮನಿಗೆ ಹೋಗಿ ಒಂದೀಟು ಮಲಕೋರಿ" ಎಂದರು.

ಅಣ್ಣ ಬದುಕಿದ. ಮತ್ತೆ ಕುಡಿಯಲಿಲ್ಲ, ಕುಡಿಯಬೇಕೆಂಬುದೇ ಅವನಿಗೆ ಮರೆತಂತಿತ್ತು. ಹಳೆಯ ಹೊಲಗಳ ಗಡಿಕಲ್ಲುಗಳು ಇಂದಿಗೂ ಅವನಿಗೆ ನೆನಪಿವೆ. ಬೆಳಿಗ್ಗೆ ಏನು ತಿಂದನೆಂಬುದು ನೆನಪಿಲ್ಲ. ಮಗಳು ಇನ್ನೂ ಶಾಲೆಯ ಮೂರನೆಯ ಇಯತ್ತೆಯಲ್ಲಿದ್ದಾಳೆ ಎನ್ನುತ್ತಾನೆ. ಅವಳಿಗೆ ಈಗ ಮಗನಿದ್ದಾನೆ. ನೆನಪಿಲ್ಲದ ಜಾಗವನ್ನು ಮಾತಿನಿಂದ ತುಂಬುತ್ತಾನೆ. ಅದು ಸುಳ್ಳಲ್ಲ, ಮಿದುಳು ತಾನಾಗಿಯೇ ಹಾಗೆ ತೇಪೆ ಹಾಕುತ್ತದಂತೆ. ವೈನಿ ಫ್ಲ್ಯಾಟ್ ಬಿಟ್ಟು ಅವನನ್ನು ಮಾಲಗಾಂವಕ್ಕೆ ಕರೆದೊಯ್ದಳು. ಅಲ್ಲಿ ಹಿಟ್ಟಿನ ಗಿರಣಿ ನಡೆಸಿ ಮಕ್ಕಳನ್ನು ಓದಿಸಿದಳು. ನನಗೆ ಒಂದು ದಿನವೂ ಒಂದು ಮಾತೂ ಅನ್ನಲಿಲ್ಲ.

ಆ ಮಧ್ಯಾಹ್ನ ಕೋಣೆಯಲ್ಲಿದ್ದವರು ನಾವಿಬ್ಬರೇ, ಆ ನೀರಿಗೆ ನನ್ನ ಸಾಕ್ಷಿ ಅಣ್ಣನೊಬ್ಬನೇ. ಹೋದಾಗಲೆಲ್ಲ ಅವನನ್ನು ಕೇಳುತ್ತಿದ್ದೆ. ಕಳೆದ ವರ್ಷ ಕೂಡ ಕೇಳಿದೆ: "ಅಣ್ಣಾ, ಆವತ್ತ ನಮ್ಮ ಖೋಲಿಯೊಳಗ ನೀರು ಬಂದಿತ್ತಲ್ಲಾ?"

"ಹೌದು ಮತ್ತ, ಬಂದಿತ್ತು," ಎಂದ. "ನಿನ್ನ ಕಾಲು ತೊಯ್ದಿತ್ತು."

 ಕಾಲಿನ ಮಾತನ್ನು ನಾನು ಅವನಿಗೆ ಎಂದೂ ಹೇಳಿರಲಿಲ್ಲ. ಆದರೂ ಪರೀಕ್ಷಿಸಲು ಕೇಳಿದೆ: "ಬೆಂಕಿನೂ ಬಿದ್ದಿತ್ತಲ್ಲಾ?"

"ಬಿದ್ದಿತ್ತು," ಎಂದ ಅಷ್ಟೇ ಸಹಜವಾಗಿ. "ನಾನ ಆರಿಸಿದ್ನಿ."

ಒಳಗಿನಿಂದ ಬಂದ ವೈನಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಇನ್ನ ಕೇಳಬ್ಯಾಡ್ರಿ ಭಾವುಜಿ. ನೀವು ಹೋದಮ್ಯಾಲ ಇವರು ತಾವೇನೋ ಮರತೇನಿ ಅಂತ ದಿನಾ ಪೂರ್ತಿ ಮನಿ ತುಂಬ ಹುಡಕ್ತಾರ. ಏನು ಹುಡಕಾಕತ್ತೀರಿ ಅಂದ್ರ ಹೇಳಾಕ ಬರೂದಿಲ್ಲ."

ನಾನು ಆಮೇಲೆ ಕೇಳಿಲ್ಲ.