ಬಾಳಗಡಿಯ ಸೀಗೆಪುಡಿ ಭೈರಮ್ಮ

ಬೆಳಕು ಹರಿಯುವ ಮುಂಚೆಯೇ ಬಾಳಗಡಿಯ ಈ ಅಂಗಳದಲ್ಲಿ ಸೀನುವುದು ಶುರುವಾಗುತ್ತದೆ. ಮೊದಲು ಒನಕೆ ಹಿಡಿದ ಭೈರಮ್ಮ, ಆಮೇಲೆ ಪುಡಿ ಸೋಸುವ ಗಂಡ ಗುರುವ, ಕೊನೆಗೆ ಬೇಲಿಯಾಚೆ ಹಾಲು ಹೊತ್ತು ಹೋಗುವವರು. ಒರಳಿನಲ್ಲಿರುವುದು ಸೀಗೆಕಾಯಿ. ಮೂಗಿಗೆ ಸೆರಗು ಕಟ್ಟಿಕೊಂಡ ಭೈರಮ್ಮ, ಅವರ ಬಗ್ಗೆ ಬರೆಯಲು ಬಂದ ನನಗೂ ಒಂದು ತುಂಡು ಬಟ್ಟೆ ಕೊಡುತ್ತಾರೆ. "ಕಟ್ಕಳ್ಳಿ ಮಾರಾಯ್ರೆ. ಇಲ್ದಿದ್ರೆ ಸೀನ್ತಾ ಸೀನ್ತಾ ನೀವು ಬರ್ದಂಗೇ ಸೈ."

ವಯಸ್ಸು ಐವತ್ತರ ಆಸುಪಾಸು. ಮದುವೆಯಾಗಿ ಬಂದಾಗಿನಿಂದ ತೋಟದ ಕೂಲಿ. ಬೇಸಿಗೆಯಲ್ಲಿ ಕೂಲಿಯಿಲ್ಲದ ದಿನ ಬೇಲಿಸಾಲಿನ, ಹಳ್ಳದ ದಂಡೆಯ ಸೀಗೆಮೆಳೆಗಳಿಂದ ಕಾಯಿ ಕೊಯ್ದು, ಒಣಗಿಸಿ, ಕೊಪ್ಪದ ಅಂಗಡಿಗೆ ಹೊರುತ್ತಿದ್ದರು. ಮುಳ್ಳು ಗೀರಿದ ಗುರುತುಗಳು ಎರಡೂ ಮುಂಗೈ ತುಂಬ ಇವೆ.

ಓದುಬರಹ ಬರದ ಭೈರಮ್ಮನ ಲೆಕ್ಕವೆಲ್ಲ ಬುಟ್ಟಿಯಲ್ಲಿ. ಹತ್ತು ವರ್ಷದ ಹಿಂದೆ ಮೂರು ಬುಟ್ಟಿ ಕಾಯಿಗೆ ಗಿರಣಿಯಲ್ಲಿ ನೇಯ್ದ ಒಂದು ಸೀರೆ ಬರುತ್ತಿತ್ತು. ಸಾವಿರದ ಒಂಬೈನೂರ ಮೂವತ್ತೆರಡನೇ ಇಸವಿಯ ಹೊತ್ತಿಗೆ ಅದೇ ಸೀರೆಗೆ ಏಳು ಬುಟ್ಟಿ ಬೇಕಾಯಿತು. ಲಾಟೀನಿನ ಗಾಜಿಗೆ ಅರ್ಧ ಬುಟ್ಟಿ ಇದ್ದದ್ದು ಒಂದಾಯಿತು. ಮೆಣಸು, ಅಡಿಕೆ, ಕಾಫಿ ಬೆಳೆದವರದೂ ಆಗ ಇದೇ ಗೋಳು. ಬೆಳೆದದ್ದರ ಬೆಲೆ ಬಿದ್ದಷ್ಟು ಕಾರ್ಖಾನೆಯ ಸಾಮಾನಿನ ಬೆಲೆ ಇಳಿಯಲಿಲ್ಲ. "ಕಾಯಿ ಅದೇ, ಬುಟ್ಟಿ ಅದೇ, ನನ್ನ ಸೊಂಟಾನೂ ಅದೇ. ಸೀರೆ ಮಾತ್ರ ದೂರ ಹೋಗ್ತಾ ಹೋಯ್ತು" ಎಂದು ನಗುತ್ತಾರೆ.

ನಾಲ್ಕು ವರ್ಷದ ಹಿಂದೆ ಕೊಪ್ಪದ ಅಂಗಡಿಯ ಶಿವಶಂಕರಪ್ಪ ಪೇಟೆಯಿಂದ ಬಂದ ಬಣ್ಣದ ಪೊಟ್ಟಣಗಳನ್ನು ಎದುರಿಗೇ ಜೋಡಿಸಿದ್ದರು. ಭೈರಮ್ಮ ಒಂದನ್ನು ಮೂಸಿ ನೋಡಿದರು. ಸೀಗೆಪುಡಿ! ಒಂದು ಬುಟ್ಟಿ ಕಾಯಿಗೆ ತಮಗೆ ಸಿಗುವುದು ಅಂಥ ನಾಲ್ಕೇ ಪೊಟ್ಟಣದ ಬೆಲೆ ಎಂದು ತಿಳಿಯಿತು. ಒಂದು ಬುಟ್ಟಿಯಿಂದ ಎಷ್ಟು ಪೊಟ್ಟಣವಾದೀತು ಎಂದು ದಾರಿಯುದ್ದಕ್ಕೂ ಬೆರಳು ಮಡಿಸುತ್ತ ಬಂದರು. ಎರಡೂ ಕೈ ಬೆರಳು ಸಾಲಲಿಲ್ಲ.

ಆ ವರ್ಷ ಅವರು ಕಾಯಿ ಮಾರಲಿಲ್ಲ. ಮಳೆಗಾಲದ ಉಪ್ಪು, ಮೆಣಸಿನಕಾಯಿ ಆ ದುಡ್ಡಿನಲ್ಲೇ ಬರಬೇಕಿತ್ತಾದ್ದರಿಂದ ಗುರುವ ಎರಡು ದಿನ ಮಾತು ಬಿಟ್ಟರು. ಭೈರಮ್ಮ ಹೆಸರುಕಾಳು, ಮೆಂತ್ಯ ಸೇರಿಸಿ ಕುಟ್ಟಿದರು, ಹಳೇ ಸೀರೆಯಲ್ಲಿ ಸೋಸಿದರು, ಕಾಗದದಲ್ಲಿ ಕಟ್ಟಿದರು. ಶಿವಶಂಕರಪ್ಪನವರನ್ನು ಒಪ್ಪಿಸಿ ಮೂವತ್ತು ಪೊಟ್ಟಣ ಅಂಗಡಿಯಲ್ಲಿಟ್ಟರು. ಮಳೆ ಹಿಡಿದ ಮೇಲೆ ಪುಡಿ ತಂಡಿಗೆ ಗಂಟುಗಟ್ಟಿ ಬೂಸಲು ಬಂತು. ಕೊಂಡವರ ಮನೆಗಳಿಂದ ಹತ್ತೊಂಬತ್ತು ಪೊಟ್ಟಣ ವಾಪಸು ಬಂದವು.

"ನಾಚ್ಕೆ ಆಯ್ತು, ಹೆದರ್ಕೆ ಆಗ್ಲಿಲ್ಲ. ಕಾಯಿ ಕೆಟ್ಟಿರ್ಲಿಲ್ಲ, ನನ್ನ ಕೆಲ್ಸ ಕೆಟ್ಟಿತ್ತು."

ಕುಟ್ಟದೆ ಉಳಿಸಿದ್ದ ಕಾಯಿ ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿತ್ತು. ಅಂದಿನಿಂದ ವಾರಕ್ಕೆ ಬೇಕಾದಷ್ಟನ್ನೇ ಕುಟ್ಟುವುದು, ಒಣ ಬಾಳೆಪಟ್ಟೆಯಲ್ಲಿ ಸುತ್ತಿ ಮೇಲೆ ಕಾಗದ ಹಾಕುವುದು ರೂಢಿಯಾಯಿತು. ಭೈರಮ್ಮ ಮಳೆಯಲ್ಲೇ ಹತ್ತೊಂಬತ್ತು ಮನೆಗೂ ಹೋಗಿ ಹೊಸ ಪೊಟ್ಟಣ ಕೊಟ್ಟು ಬಂದರು. ಶಿವಶಂಕರಪ್ಪನವರ ತಾಯಿ ಸುಮಿತ್ರಮ್ಮನವರಿಗೂ ಒಂದು ಕೊಟ್ಟರು. ಎಣ್ಣೆ ಹಚ್ಚಿ ತಲೆಗೆ ನೀರು ಹಾಕಿಕೊಂಡ ಆ ತಾಯಿ, ಬಣ್ಣದ ಪೊಟ್ಟಣ ಹಿಂದಕ್ಕಿಟ್ಟು ಭೈರಿಯದನ್ನು ಮುಂದಿಡು ಎಂದು ಮಗನಿಗೆ ಹೇಳಿದರಂತೆ.

ಈಗ ವಾರಕ್ಕೆ ಅರವತ್ತು ಪೊಟ್ಟಣ. ಶೃಂಗೇರಿಗೆ, ನರಸಿಂಹರಾಜಪುರಕ್ಕೆ ಬಸ್ಸಿನಲ್ಲಿ ಹೋಗುತ್ತವೆ. ಪೇಟೆಯ ಪುಡಿಯ ಅರ್ಧ ಬೆಲೆಗೆ ಕೊಟ್ಟರೂ ಎರಡು ಬುಟ್ಟಿ ಕಾಯಿಗೆ ಒಂದು ಸೀರೆ ಬರುತ್ತದೆ. ನೆರೆಯ ಇಬ್ಬರು ಹೆಂಗಸರೂ ಕುಟ್ಟಲು ಬರುತ್ತಾರೆ. ಗುರುವ ತೋಟದ ಕೂಲಿ ಬಿಟ್ಟು ಸೋಸುವುದಕ್ಕೆ ನಿಂತಿದ್ದಾರೆ.

ಬಿಸಿಲೇರಿದ ಮೇಲೆ ನಾನೂ ಅವರೊಂದಿಗೆ ಅಂಗಡಿಗೆ ಹೋಗುತ್ತೇನೆ. ಬೆಲೆಯಲ್ಲಿ ಒಂಚೂರು ಬಿಡಬಹುದಾ ಎಂದು ಶಿವಶಂಕರಪ್ಪ ಕೇಳುತ್ತಾರೆ. ಆಗಲ್ಲ ಎಂದು ಭೈರಮ್ಮ ತಲೆಯಾಡಿಸುತ್ತಾರೆ. ಶಿವಶಂಕರಪ್ಪ ನಗುತ್ತ ಪೊಟ್ಟಣ ಎಣಿಸಿಕೊಳ್ಳುತ್ತಾರೆ. ಬರುವಾಗ ದಾರಿಯಲ್ಲಿ, ಇದೆಲ್ಲದರಲ್ಲಿ ನಿಮಗೆ ಹೆಚ್ಚು ಖುಷಿ ಕೊಟ್ಟದ್ದು ಯಾವುದು ಎಂದು ಕೇಳುತ್ತೇನೆ. ಭೈರಮ್ಮ ಖಾಲಿ ಬುಟ್ಟಿಯನ್ನು ಸೊಂಟಕ್ಕೇರಿಸುತ್ತಾರೆ.

"ಕಾಯಿ ಮಾರೋವಾಗ ಬೆಲೆ ಅವ್ರು ಹೇಳೋರು. ಸೀರೆ ತಗಳ್ಳೋವಾಗ್ಲೂ ಅವ್ರೇ ಹೇಳೋರು. ನಂಗೆ ಬಾಯಿ ಇದ್ದಿದ್ದು ಹೂಂ ಅನ್ನಕ್ಕೆ. ಈಗ ಒಂದು ಸಾಮಾನಿಗಾದ್ರೂ ಬೆಲೆ ನಾನು ಹೇಳ್ತೀನಿ, ಅವ್ರು ಹೂಂ ಅಂತಾರೆ."