ಕಾಶಿ ಬಿಟ್ಟು ತಂದ ಸಮುದ್ರ

ಕಳೆದ ತಿಂಗಳು ಹುಬ್ಬಳ್ಳಿಯಲ್ಲಿ ಗೆಳತಿಯೊಬ್ಬಳ ಜೊತೆ ಬಣ್ಣದ ಮೀನು ಮಾರುವ ಅಂಗಡಿಗೆ ಹೋಗಿದ್ದೆ. ಅವಳು ಮೀನು ಆರಿಸುತ್ತ ನಿಂತಿದ್ದಾಗ ಅಂಗಡಿಯವನು ಮೂಲೆಯಲ್ಲಿದ್ದ ಬಿಳಿ ಬಕೆಟ್ಟಿನ ಮುಚ್ಚಳ ತೆಗೆದು ಉಪ್ಪು ತೋಡಿಕೊಂಡ. ಅಡುಗೆ ಉಪ್ಪಿಗೆ ವಾಸನೆ ಇರುವುದಿಲ್ಲ, ಇದಕ್ಕೆ ಇತ್ತು. ನೀರು ಚಿಮುಕಿಸಿದ ಸುಣ್ಣದ ಗೋಡೆಯ ಹಾಗೆ, ಅದರ ಹಿಂದೆ ಎಲ್ಲೋ ಒಣಗಿದ ಚಿಪ್ಪಿನ ಹಾಗೆ… ನಾನು ನಿಂತಲ್ಲೇ ನಿಂತೆ. ರಾಣೆಬೆನ್ನೂರಿನ ಆ ಪಡಸಾಲೆ ಕಣ್ಣಿಗೆ ಬಂತು. ಗೋಡೆಗೆ ಒಟ್ಟಿದ ಬೀಜದ ಚೀಲಗಳು, ನಡುವೆ ನೀಲಿ ಬೆಳಕು, ಅದರ ಮುಂದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತ ದೊಡ್ಡವ್ವ.

ದೊಡ್ಡವ್ವ ನಮ್ಮ ಅವ್ವನ ಅಕ್ಕ. ನಮ್ಮದು ಬ್ಯಾಡಗಿ. ಮೆಣಸಿನಕಾಯಿ ಸುಗ್ಗಿಯಲ್ಲಿ ಊರಿಗೆ ಊರೇ ಸೀನುತ್ತಿರುತ್ತದೆ. ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ನನಗೆ ಕನ್ನಡ ಪಾಠ ಹೇಳುವ ಕೆಲಸ ಸಿಕ್ಕಾಗ ಅದೇ ಊರಿನಲ್ಲಿದ್ದ ದೊಡ್ಡವ್ವ ಬಂದು ನನ್ನ ಟ್ರಂಕು ತಾನೇ ಎತ್ತಿಕೊಂಡು ತನ್ನ ಮನೆಗೆ ಕರೆದೊಯ್ದಿದ್ದಳು. ದೊಡ್ಡಪ್ಪನದು ಬಿತ್ತನೆ ಬೀಜದ ಅಂಗಡಿ. ಅಂಗಡಿಯಲ್ಲಿ ಹಿಡಿಸದ ಚೀಲಗಳೆಲ್ಲ ಮನೆಯ ಪಡಸಾಲೆಯಲ್ಲಿ ಇರುತ್ತಿದ್ದವು. ನಾವು ಊಟ ಮಾಡುವುದು, ಟಿವಿ ನೋಡುವುದು, ಬಂದವರು ಕೂಡುವುದು ಎಲ್ಲ ಮೆಕ್ಕೆಜೋಳದ ಚೀಲಗಳ ಮಗ್ಗುಲಲ್ಲೇ.

ನಾನು ಸೇರಿದ ವರ್ಷವೇ, ಎರಡು ಸಾವಿರದ ಆರೋ ಏಳೋ ಇರಬೇಕು, ದೊಡ್ಡವ್ವನ ಕಣ್ಣಿನ ಹಳೆಯ ಪೊರೆ ಪೂರ್ತಿ ಬಲಿಯಿತು. ಮುಂಬೈಯಲ್ಲಿದ್ದ ನಮ್ಮ ಸೋದರಮಾವ, ಅಂದರೆ ಅವಳ ತಮ್ಮ, ಅಲ್ಲಿಗೇ ಕರೆಸಿಕೊಂಡು ಎರಡೂ ಕಣ್ಣಿನ ಆಪರೇಶನ್ ಮಾಡಿಸಿದ. ತಿರುಗಿ ಬಂದವಳು ಕಣ್ಣಿನ ಮಾತೇ ಆಡಲಿಲ್ಲ, ಆಸ್ಪತ್ರೆಯಲ್ಲಿ ಕಂಡ ಒಂದು ಗಾಜಿನ ಪೆಟ್ಟಿಗೆಯ ಮಾತಾಡಿದಳು.

"ಇಷ್ಟು ವರ್ಷ ಎಲ್ಲಾ ಚಹಾದಾಗ ಅದ್ದಿ ತಗದಂಗ ಕಾಣ್ತಿತ್ತವಾ ನನಗ. ಪಟ್ಟಿ ಬಿಚ್ಚಿ ಹೊರಗ ಕರಕೊಂಡ ಬಂದ್ರು ನೋಡು, ಎದುರಿಗೆ ನೀಲಿ! ನೀಲಿ ಅಂದ್ರ ಇಂಥಾ ನೀಲಿ ಇರತೈತಿ ಅನ್ನೂದ ಮರತಿದ್ದೆ. ಅದರಾಗ ಕಲ್ಲು, ಕಲ್ಲಿನ ಮ್ಯಾಲ ಗಿಡದಂಗ ಅಲುಗಾಡೂ ಜೀವ, ಅದರಾಗ ಮೀನ. ನನಗ ಅದು ಬೇಕು."

ದೊಡ್ಡಪ್ಪ ರೊಟ್ಟಿ ಮುರಿಯುತ್ತ, "ತರೂಣಂತ, ಬಜಾರದಾಗ ಸಿಗತಾವು. ಒಂದು ಬಟ್ಟಲು, ಎರಡು ಮೀನ," ಅಂದ.

ಅದು ಬಟ್ಟಲಿನ ಮೀನಲ್ಲ, ಉಪ್ಪುನೀರಿನ ಹವಳದ ತೊಟ್ಟಿ ಎಂಬುದು ಗೊತ್ತಾಗಿದ್ದು ನಾನು ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆಯಲ್ಲಿ ಕೂತು ಓದಿದ ಮೇಲೆ. ಓದಿದಷ್ಟೂ ಖರ್ಚು ಬೆಳೆಯುತ್ತ ಹೋಯಿತು. ದಪ್ಪ ಗಾಜಿನ ತೊಟ್ಟಿ ಬೇಕು. ನಮ್ಮ ಬೋರಿನ ಗಡುಸು ನೀರು ನಡೆಯುವುದಿಲ್ಲ, ಅದನ್ನು ಸೋಸಿ ಪೂರ್ತಿ ಶುದ್ಧ ಮಾಡುವ ಯಂತ್ರ ಬೇಕು. ಆ ನೀರಿಗೆ ಕಲಸಲು ಹೊರದೇಶದ ಉಪ್ಪು ಬೇಕು. ಅಲೆ ಎಬ್ಬಿಸುವ ಪಂಪು, ಹವಳಕ್ಕೆ ಬಿಸಿಲಿನಂಥ ದೀಪ, ಉಪ್ಪಿನ ಅಳತೆ ನೋಡುವ ಸಾಧನ, ಸಮುದ್ರದ ಕಲ್ಲು. ಇಷ್ಟೆಲ್ಲ ಆದ ಮೇಲೆ ಮೀನು. ಮೀನಿಗೆ ಹತ್ತುವ ದುಡ್ಡು ಎಲ್ಲಕ್ಕಿಂತ ಕಡಿಮೆ.

ದೊಡ್ಡಪ್ಪ ಯಾವ ಖರ್ಚನ್ನೂ ರೂಪಾಯಿಯಲ್ಲಿ ಯೋಚಿಸಿದವನಲ್ಲ. ನಾನು ಓದಿ ಹೇಳುತ್ತಿದ್ದಂತೆ ಅವನು ಹೇಳುತ್ತ ಹೋದ. ತೊಟ್ಟಿಗೆ "ಒಂದು ಹೋರಿ". ದೀಪಕ್ಕೆ "ಇನ್ನೊಂದು ಹೋರಿ, ಜೋಡಿ ಆತು". ನೀರಿನ ಯಂತ್ರಕ್ಕೆ "ಚಕ್ಕಡಿ". ಉಪ್ಪಿನ ಮಾತು ಬಂದಾಗ ಮಾತ್ರ ಕೈಯ ತುತ್ತು ಬಾಯಿಗೆ ಹೋಗದೆ ನಿಂತಿತು. "ಉಪ್ಪಿಗೂ ರೊಕ್ಕ? ಉಪ್ಪು ಯಾರರೆ ಹೊರದೇಶದಿಂದ ತರಸ್ತಾರೇನು?"

ದೊಡ್ಡವ್ವ ಆಗಲೇ ಉತ್ತರ ಇಟ್ಟುಕೊಂಡಿದ್ದಳು. ಓಣಿಯ ಹೆಣ್ಣುಮಕ್ಕಳೆಲ್ಲ ಕೂಡಿ ಬರುವ ಬೇಸಿಗೆಗೆ ಕಾಶಿ, ಕೇದಾರ ಎಂದು ಬಸ್ಸು ಗೊತ್ತು ಮಾಡಿದ್ದರು. ಗಂಡ ಹೆಂಡತಿ ಇಬ್ಬರ ಹೆಸರೂ ಅದರಲ್ಲಿತ್ತು. ವರ್ಷಗಟ್ಟಲೆ ಅದಕ್ಕೆಂದೇ ತೆಗೆದಿಟ್ಟ ದುಡ್ಡು ಇತ್ತು.

"ನಾ ಕಾಶಿಗಿ ಬರೂದಿಲ್ಲ," ಅಂದಳು.

ದೊಡ್ಡಪ್ಪ ಎದ್ದು ಕೈ ತೊಳೆದು ಬಂದು ಮತ್ತೆ ಕೂತ. "ಅದು ಪುಣ್ಯಕ್ಕಂತ ಇಟ್ಟ ರೊಕ್ಕ."

"ಮೊಣಕಾಲು ಹಿಡಕೊಂಡು ಕೇದಾರ ಏರಿ, ಚಳಿಗಿ ಕಣ್ಣ ಮುಚಗೊಂಡು ಕೈ ಮುಗದು ಬರೂದಕ್ಕ ಪುಣ್ಯ ಅಂತೀರಿ. ದೇವರು ಕಣ್ಣ ತಿರುಗಿ ಕೊಟ್ಟಾನ. ಅವನು ಮಾಡಿದ್ದನ್ನ ಕಣ್ಣತುಂಬ ನೋಡೂದು ಪುಣ್ಯ ಅಲ್ಲೇನ್ರಿ?"

ಮರುದಿನ ಬೆಳಿಗ್ಗೆ ಅಂಗಡಿಗೆ ಹೊರಟ ದೊಡ್ಡಪ್ಪ ಹೊಸ್ತಿಲಲ್ಲಿ ನಿಂತು, "ನಾನೂ ಹೋಗೂದಿಲ್ಲ. ಒಬ್ಬಾವ ಹೋಗಿ ಯಾರ ಕೂಡ ಜಗಳಾಡ್ಲಿ?" ಅಂದು ಚಪ್ಪಲಿ ಮೆಟ್ಟಿಕೊಂಡು ನಡೆದ. ಅವರ ಮೂವತ್ತು ಚಿಲ್ಲರೆ ವರ್ಷದ ಸಂಸಾರದಲ್ಲಿ ಅದಕ್ಕಿಂತ ದೊಡ್ಡ ಪ್ರೀತಿಯ ಮಾತನ್ನು ನಾನಂತೂ ಕೇಳಿಲ್ಲ.

ತೊಟ್ಟಿಯನ್ನು ದಾವಣಗೆರೆಯ ಗಾಜಿನವರು ಮಾಡಿಕೊಟ್ಟರು. ಸೋರುತ್ತದೋ ಇಲ್ಲವೋ ನೋಡಲು ಮೊದಲು ಬರೀ ನೀರು ತುಂಬಿಸಿ ಬಿಟ್ಟೆವು. ಮೇಲುಮೇಲೆ ನೋಡಿದರೆ ಒಂದು ಹನಿಯೂ ಸೋರಿರಲಿಲ್ಲ. ಖುಷಿಯಾಗಿ ನೆಂಟರ ಮದುವೆಗೆ ಹೋದೆವು. ಬಂದು ನೋಡಿದರೆ ಹಿಂದಿನ ಮೂಲೆಯಿಂದ ನೀರು ಸದ್ದಿಲ್ಲದೆ ಇಳಿದು ಅಲಸಂದಿ ಚೀಲದ ಬುಡ ಸೇರಿತ್ತು. ಚೀಲದ ಸಂದಿಯಿಂದ ಬಿಳಿ ಮೊಳಕೆಗಳು ಸಾಲಾಗಿ ಇಣುಕುತ್ತಿದ್ದವು. ದೊಡ್ಡವ್ವ ಬೈಗುಳಕ್ಕೆ ಸಿದ್ಧಳಾಗಿ ನಿಂತಳು. ದೊಡ್ಡಪ್ಪ ಬಗ್ಗಿ ಒಂದು ಮೊಳಕೆ ಕಿತ್ತು, ಬೆಳಕಿಗೆ ಹಿಡಿದು ನೋಡಿ, "ಬೀಜ ಭಾರಿ ಅದಾವ. ಒಂದೂ ಹುಸಿ ಇಲ್ಲ," ಅಂದ. ಇನ್ನೂ ಔಷಧಿ ಹಚ್ಚದ ಬೀಜ, ಆಮೇಲೆ ಒಂದು ವಾರ ನಮಗೆ ಮೊಳಕೆ ಅಲಸಂದಿಯ ಪಲ್ಯವೇ ಪಲ್ಯ. ಅಂಗಡಿಗೆ ಬಂದ ರೈತರಿಗೆಲ್ಲ ಅವನು ಆ ಕಥೆಯನ್ನೇ ಹೇಳಿ ಉಳಿದ ಚೀಲಗಳನ್ನು ಮಾರಿದ.

ಗಾಜು ಮತ್ತೆ ಅಂಟಿಸಿದ್ದಾಯಿತು. ಮಾವ ಮುಂಬೈಯಿಂದ ಬಸ್ಸಿಗೆ ಹಾಕಿದ ಥರ್ಮಾಕೋಲ್ ಪೆಟ್ಟಿಗೆಗಳು ಬೆಳಗಿನ ಜಾವ ಹೆದ್ದಾರಿಯಲ್ಲಿ ಇಳಿಯುತ್ತಿದ್ದವು. ಮೊದಲು ಬಂದದ್ದು ಒದ್ದೆ ಪೇಪರಿನಲ್ಲಿ ಸುತ್ತಿದ ಸಮುದ್ರದ ಕಲ್ಲು. ನೀರು ಕಲ್ಲು ಹೊಂದಿಕೊಳ್ಳುವ ತನಕ ಮೀನು ಬಿಡುವಂತಿಲ್ಲ ಎಂದು ನಾನು ಓದಿದ್ದೆ. ಹೀಗಾಗಿ ವಾರಗಟ್ಟಲೆ ಪಡಸಾಲೆಯಲ್ಲಿ ದೀಪ ಹಚ್ಚಿ, ಅಲೆ ಎಬ್ಬಿಸಿ, ನಾವು ಕಲ್ಲನ್ನೇ ನೋಡುತ್ತ ಕೂತೆವು. ಕಾಶಿಗೆ ಹೋಗುವವರೆಲ್ಲ ಬಂದು ನೋಡಿ ಹೋದರು. "ಬೀಜದಂಗಡಿ ಸಾವಕಾರ್ತಿ ಕಾಶಿ ಬಿಟ್ಟು ಕಲ್ಲು ಸಾಕ್ಯಾಳಂತ" ಎಂಬ ಮಾತು ಗಿರಣಿ ತನಕ ಹೋಗಿ ಹಿಟ್ಟಿನ ಜೊತೆ ಮನೆಗೆ ತಿರುಗಿ ಬಂತು. ದೊಡ್ಡವ್ವ ನಕ್ಕಳು. ಒಂದು ದಿನ ಆ ಕಲ್ಲಿನ ತೂತಿನಿಂದ ಗರಿಯಂಥ ಸಣ್ಣ ಹುಳು ಹೊರಗೆ ಬಂದು, ಅರಳಿ, ಮತ್ತೆ ಒಳಗೆ ಹೋಯಿತು. ಅವಳು ಹಾಲು ಉಕ್ಕುವುದನ್ನೂ ಬಿಟ್ಟು ಓಡಿ ಬಂದು ಓಣಿಗೆಲ್ಲ ಕೂಗಿ ಹೇಳಿದಳು.

ಗಿಡದಂತೆ ಅಲುಗಾಡುವ ಆ ಮೆದು ಹವಳ ಬಂದಾಗ ಮಾವನಿಗೆ ಫೋನ್ ಹಚ್ಚಿ ಅವಳು ಕೇಳಿದ ಮೊದಲ ಮಾತು, "ನಮ್ಮ ಸಮುದ್ರದಾಗಿಂದ ಕದ್ದು ಕಿತ್ತದ್ದಲ್ಲ ಹೌದಲ್ಲೋ ತಮ್ಮಾ?" ಹೊರದೇಶದಲ್ಲಿ ಸಾಕಿ ಬೆಳೆಸಿದ್ದು ಎಂದು ಅವನು ಆಣೆ ಮಾಡಿದ ಮೇಲೆಯೇ ಪೆಟ್ಟಿಗೆ ಬಿಚ್ಚಿದಳು. ಕಡೆಗೆ ಬಂದದ್ದು ಮೀನು, ಎರಡೇ ಎರಡು. ಕೇಸರಿ ಮೈ, ಅದರ ಮೇಲೆ ಮೂರು ಬಿಳಿ ಪಟ್ಟೆ.

ದೊಡ್ಡಪ್ಪ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ. "ಏನ, ಇವು ಮೂರು ಬಟ್ಟು ವಿಭೂತಿ ಹಚಗೊಂಡಾವಲ್ಲ!"

"ಮತ್ತ? ನಮ್ಮ ಮಂದಿನ ಅದಾವ," ಅಂದಳು ದೊಡ್ಡವ್ವ.

ಆದರೆ ವಿಭೂತಿ ಹಚ್ಚಿಕೊಂಡವು ನಮ್ಮ ಊಟ ಮುಟ್ಟಲಿಲ್ಲ. ಮೀನಿಗೆಂದೇ ಮಾರುವ ಒಣ ಕಾಳನ್ನು ಬಾಯಿಗೆ ತೆಗೆದುಕೊಂಡು ಉಗುಳಿದವು. ಅವಕ್ಕೆ ಬೇಕಿದ್ದದ್ದು ಬರ್ಫದಲ್ಲಿಟ್ಟ ಸೀಗಡಿ. ಮೊಟ್ಟೆಯೂ ಕಾಣದ ಮನೆಯ ಫ್ರಿಜ್ಜಿನಲ್ಲಿ ಸೀಗಡಿ ಇಡುವುದು ಹೇಗೆ? ದೊಡ್ಡವ್ವ ಎರಡು ದಿನ ಮುಖ ಸಣ್ಣ ಮಾಡಿಕೊಂಡು ತಿರುಗಿದಳು. ಆ ಗಂಟು ಬಿಡಿಸಿದವಳು ನಾವು ಖಾಲಾ ಎಂದು ಕರೆಯುತ್ತಿದ್ದ ಬಾಜೂ ಮನೆಯ ಮುಸಲ್ಮಾನ ಹೆಂಗಸು. ನಮ್ಮ ಎರಡು ಮನೆಗಳ ನಡುವೆ ಒಂದು ಗಿಡ್ಡ ಗೋಡೆ. ಅಲ್ಲಿಯ ತನಕ ಅದರ ಮೇಲೆ ಹಬ್ಬಕ್ಕೊಮ್ಮೆ ಹೋಳಿಗೆ, ಈದಿಗೊಮ್ಮೆ ಒಣ ಹಣ್ಣು ದಾಟುತ್ತಿದ್ದವು, ಅಷ್ಟೇ.

"ನಮ್ಮ ಫ್ರಿಜ್ಜಿನ್ಯಾಗ ಇಡ್ರಿ ಅಕ್ಕಾರ. ನಾನ ಬಂದು ಹಾಕಿ ಹೊಕ್ಕೇನಿ. ನೀವು ಮುಟ್ಟೂದ ಬ್ಯಾಡ," ಅಂದಳು ಖಾಲಾ.

ಅಂದಿನಿಂದ ಸಂಜೆಯಾದರೆ ಖಾಲಾ ಸಣ್ಣ ಬಟ್ಟಲಲ್ಲಿ ಸೀಗಡಿ ಕರಗಿಸಿಕೊಂಡು ಬರುವಳು. ಮೀನುಗಳು ಅವಳ ಹಸಿರು ಬಳೆ ಕಂಡರೆ ಮೇಲೆ ಬರುವವು, ದೊಡ್ಡವ್ವನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. "ಖರ್ಚು ನಂದು, ಮಾಯಾ ನಿನ್ನ ಮ್ಯಾಲ!" ಎಂದು ದೊಡ್ಡವ್ವ ರೇಗುವಳು. ಆಮೇಲೆ ಇಬ್ಬರೂ ಚಹಾ ಹಿಡಿದು ಕತ್ತಲಾಗುವ ತನಕ ತೊಟ್ಟಿಯ ಮುಂದೆ ಕೂಡುವರು. ಏನು ಮಾತಾಡುತ್ತಿದ್ದರೋ… ನಗು ಮಾತ್ರ ನನ್ನ ಕೋಣೆಗೆ ಕೇಳಿಸುತ್ತಿತ್ತು.

ಬೇಸಿಗೆ ಬಂತು. ಕಾಶಿಯ ಬಸ್ಸು ಹೊರಟಿತು. ದೊಡ್ಡವ್ವ ಎಲ್ಲರಿಗೂ ಬುತ್ತಿ ಕಟ್ಟಿಕೊಟ್ಟು ಕೈಬೀಸಿದಳು. ಆ ಸಲದ ಬಿಸಿಲನ್ನು ನಾನು ಮರೆತಿಲ್ಲ. ಕರೆಂಟು ಹೋಗುವುದು ಬರುವುದು ರೂಢಿಯೇ ಇತ್ತು. ಒಂದು ದಿನ ಬೆಳಿಗ್ಗೆ ಮಾತ್ರ ಓಣಿಯ ಟ್ರಾನ್ಸ್‌ಫಾರ್ಮರ್ ಢಬ್ಬೆಂದು ಸುಟ್ಟಿತು. ಸಂಜೆಯ ಒಳಗೆ ಬರುವುದಿಲ್ಲ ಅಂದರು.

ಪಂಪು ನಿಂತಿತು, ಅಲೆ ನಿಂತಿತು. ಅಲೆ ಇಲ್ಲದಿದ್ದರೆ ನೀರಿನಲ್ಲಿ ಉಸಿರು ಇರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಹವಳಗಳು ಮುದುಡಿ ಮುಷ್ಟಿಯಾಗಿದ್ದವು. ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಖಾಲಾ ತನ್ನ ಫ್ರೀಜರಿನಲ್ಲಿದ್ದ ಬರ್ಫದ ಬಾಟಲಿಗಳನ್ನೆಲ್ಲ ತಂದು ತೇಲಿಬಿಟ್ಟಳು. ತೊಟ್ಟಿಯ ನೀರನ್ನೇ ಎತ್ತಿ ಎತ್ತಿ ಮತ್ತೆ ಅದಕ್ಕೇ ಸುರಿದರೆ ಗಾಳಿ ಬೆರೆಯುತ್ತದೆ ಎಂದು ನಾನು ಓದಿದ್ದನ್ನು ಹೇಳಿದೆ. ದೊಡ್ಡವ್ವ ಸುರಿಯತೊಡಗಿದಳು. ಅವಳ ತೋಳು ಸೋತಿತು, ನಾನು ಹಿಡಿದೆ. ನನ್ನದು ಸೋತಿತು, ಖಾಲಾ ಹಿಡಿದಳು.

ಊಟಕ್ಕೆ ಬಂದ ದೊಡ್ಡಪ್ಪ ಬಾಗಿಲಲ್ಲಿ ನಿಂತು ಒಂದು ಕ್ಷಣ ನೋಡಿದ. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಧೋತರ ಎತ್ತಿ ಕಟ್ಟಿ, ಅಡುಗೆ ಮನೆಯಿಂದ ತಂಬಿಗೆ ಹಿಡಿದು ಬಂದು ಸ್ಟೂಲಿನ ಮೇಲೆ ಏರಿ ಕೂತ.

ದೊಡ್ಡವ್ವ ಚೀರಿದಳು. "ತಾಮ್ರದ್ದು ಬ್ಯಾಡ್ರೀ! ತಾಮ್ರ ಬಿದ್ರ ಹವಳ ಸಾಯ್ತಾವ. ಸ್ಟೀಲಿಂದು ತಗೋರಿ!"

ಅವನು ಸ್ಟೀಲಿನ ಚರಿಗೆ ತಂದು ಸುರಿಯತೊಡಗಿದ. ನಿಲ್ಲಲೇ ಇಲ್ಲ. ಹುಡುಕಿಕೊಂಡು ಬಂದ ಗಿರಾಕಿಗಳನ್ನೂ ಕೂಡಿಸಿದ. "ಬೀಜ ಆಮ್ಯಾಲ ಒಯ್ಯಿರಂತ. ಮದ್ಲ ಐವತ್ತು ಚರಗಿ ಸುರೀರಿ," ಅಂದ. ಬೆವರು ಇಳಿಯುತ್ತಿತ್ತು, ಮುಖದಲ್ಲಿ ಮಾತ್ರ ಎಂದೂ ಕಾಣದ ಒಂದು ಹುರುಪು.

ಅದೇ ಹೊತ್ತಿಗೆ ಕಾಶಿಯ ಬಸ್ಸು ತಿರುಗಿ ಬಂತು. ಹೆಣ್ಣುಮಕ್ಕಳು ಪ್ರಸಾದ ಕೊಡಲೆಂದು ನಮ್ಮ ಮನೆಗೇ ಮೊದಲು ಬಂದರು. ಒಳಗೆ ನೋಡಿದರೆ ಬೀಜದಂಗಡಿಯ ಸಾಹುಕಾರ ಬರಿಮೈಯಲ್ಲಿ ಕಲ್ಲಿಗೆ ನೀರು ಸುರಿಯುತ್ತಿದ್ದಾನೆ, ಸುತ್ತ ಮಂದಿ ನಿಂತಿದ್ದಾರೆ. ಯಾರೂ ನಗಲಿಲ್ಲ. ಅವರಲ್ಲಿ ಹಿರಿಯಳಾದ ಅಜ್ಜಿ ವಿಷಯ ಕೇಳಿದವಳೇ, ಬೆಸುಗೆ ಹಾಕಿ ತಂದಿದ್ದ ಗಂಗೆಯ ತಾಮ್ರದ ಗಿಂಡಿಯನ್ನು ಮುಂದೆ ಹಿಡಿದಳು. "ಹಾಕವಾ, ಗಂಗವ್ವನ ಮ್ಯಾಲ ಭಾರ ಹಾಕು. ಉಳಿತಾವ."

ತಾಮ್ರದ ಗಿಂಡಿಯಲ್ಲಿ ದಿನಗಟ್ಟಲೆ ಕೂತ ನೀರು! ಬೇಡ ಅಂದರೆ ಅಜ್ಜಿಯ ಮನಸ್ಸು ಒಡೆಯುತ್ತದೆ, ಹಾಕಿದರೆ ಹವಳ ಸಾಯುತ್ತದೆ. ದೊಡ್ಡವ್ವ ಗಿಂಡಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. "ಆಯಿ, ಗಂಗಿ ಎಲ್ಲಾ ಕಡೆ ಹರದು ಕಡೀಕ ಸಮುದ್ರಕ್ಕ ಸೇರ್ತಾಳ. ಆಕೀ ಹಾದಿ ಆಕಿ ನೋಡಕೋತಾಳ. ಮೊದ್ಲ ನಿಮ್ಮ ಕೈಲೆ ನಮಗ ತೀರ್ಥ ಕೊಡ್ರಿ, ನಾವ ದಣದೇವಿ," ಅಂದಳು. ಅಜ್ಜಿ ಗಿಂಡಿಯ ಬೆಸುಗೆ ಒಡೆಸಿ ದಣಿದವರೆಲ್ಲರ ಅಂಗೈಗೆ ತೀರ್ಥ ಹಾಕಿದಳು. ದೊಡ್ಡಪ್ಪ ಸ್ಟೂಲಿನ ಮೇಲಿಂದಲೇ ಕೈ ಚಾಚಿದ. ಆಮೇಲೆ ಯಾತ್ರೆಯಿಂದ ಬಂದ ಆ ಹೆಂಗಸರೂ ಪಾಳಿಯ ಮೇಲೆ ಚರಿಗೆ ಹಿಡಿದರು.

ಸಂಜೆ ಕರೆಂಟು ಬಂತು. ಪಂಪು ಗುರ್ ಎಂದಾಗ ಪಡಸಾಲೆಯಲ್ಲಿ ಚಪ್ಪಾಳೆ ಬಿತ್ತು. ಮರುದಿನ ಬೆಳಿಗ್ಗೆ ಹವಳಗಳು ಒಂದೊಂದಾಗಿ ಬೆರಳು ಬಿಚ್ಚಿದವು. ಎರಡೂ ಮೀನು ಉಳಿದಿದ್ದವು. ದೊಡ್ಡಪ್ಪ ಯಾರಿಗೂ ಹೇಳದೆ ಹೋಗಿ ಮನೆಗೆ ದೊಡ್ಡದೊಂದು ಇನ್ವರ್ಟರ್ ತಂದ. ಅದಕ್ಕೆ ಎಷ್ಟು ಹೋರಿಯಾದವು ಎಂದು ಕೇಳಿದರೆ ಕಿವಿ ಕೇಳದವನಂತೆ ನಟಿಸಿದ.

ಮುಂದೆ ನಾನು ಮದುವೆಯಾಗಿ ಹಾವೇರಿಗೆ ಬಂದೆ. ತೊಟ್ಟಿ ಬಹಳ ವರ್ಷ ಚೆನ್ನಾಗಿ ನಡೆಯಿತು. ಒಮ್ಮೆ ದೊಡ್ಡವ್ವ ದೊಡ್ಡಪ್ಪ ಇಬ್ಬರೂ ಗೋಕರ್ಣಕ್ಕೆ ಹೋಗಿ ನಿಜವಾದ ಸಮುದ್ರ ನೋಡಿ ಬಂದರು. ಹೇಗಿತ್ತು ಅಂದರೆ ದೊಡ್ಡವ್ವ, "ದೊಡ್ಡದ ಐತಿ ಖರೇ. ನೀರು ರಾಡಿ," ಅಂದಳು.

ಒಂದು ಮಳೆಗಾಲದಲ್ಲಿ, ಹೆಚ್ಚು ನರಳದೆ, ಹೃದಯ ನಿಂತು ದೊಡ್ಡವ್ವ ತೀರಿಹೋದಳು. ದೊಡ್ಡಪ್ಪ ಒಂದಷ್ಟು ಕಾಲ ತಾನೇ ಉಪ್ಪು ಕಲಸಿದ, ಗಾಜು ಒರೆಸಿದ. ಸ್ಟೂಲು ಏರಲಾಗದಂತೆ ಆದಾಗ ದಾವಣಗೆರೆಯ ಒಬ್ಬ ಡಾಕ್ಟರಿಗೆ ಕಲ್ಲು, ಹವಳ, ಮೀನು ಎಲ್ಲವನ್ನೂ ಕೊಟ್ಟುಬಿಟ್ಟ. ಅವರು ದುಡ್ಡು ಕೊಡಬಂದರೆ, "ಇದರ ರೊಕ್ಕ ಯಾವಾಗೋ ಮುಟ್ಟೈತ್ರಿ," ಅಂದನಂತೆ. ಈಗ ಅವನೂ ಇಲ್ಲ.

ಹುಬ್ಬಳ್ಳಿಯ ಅಂಗಡಿಯವನಿಗೆ ನಾನು ಸುಮ್ಮನೆ ಎಲ್ಲವನ್ನೂ ಕೇಳಿದೆ. ಉಪ್ಪು, ದೀಪ, ಪಂಪು, ಈಗ ಎಲ್ಲವೂ ಇಲ್ಲೇ ಸಿಗುತ್ತವಂತೆ. ದೀಪಗಳು ಅಗ್ಗವಾಗಿವೆಯಂತೆ, ಕರೆಂಟನ್ನೂ ಅಷ್ಟು ತಿನ್ನುವುದಿಲ್ಲವಂತೆ. ಹೊರಗೆ ಬಂದು ಈ ಸುದ್ದಿ ಹೇಳಬೇಕೆಂದು ಫೋನ್ ತೆಗೆದೆ. ತೆಗೆದ ಮೇಲೆಯೇ ನೆನಪಾಯಿತು… ಈ ಮಾತು ಕೇಳಿ "ಹೌದಾ? ಇನ್ನೊಂದು ತೊಟ್ಟಿ ಮಾಡೋಣೇನ?" ಅನ್ನುವ ದನಿ ಈಗ ಯಾವ ನಂಬರಿನಲ್ಲೂ ಇಲ್ಲ. ಫೋನನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು, ಗೆಳತಿ ಹೊರಗೆ ಬರುವ ತನಕ ಅಂಗಡಿಯ ಮೆಟ್ಟಿಲ ಮೇಲೆ ಕೂತೆ.